ಒಂದು ಗಂಟೆಯ ದೂರ

ಬೆಂಗಳೂರಿಗೂ ಮಂಗಳೂರಿಗೂ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ ನೋಡಿ. ಇಷ್ಟು ಕಿಲೋಮೀಟರು ಎಂದು ಉತ್ತರ ಕೊಡುವವರು ವಿರಳ. ರಾತ್ರಿಯ ಬಸ್ಸಿನಲ್ಲಿ ಓಡಾಡುವವರು ‘ಒಂದು ನಿದ್ದೆಯ ದಾರಿ’ ಎನ್ನುತ್ತಾರೆ. ಹಗಲಿನ ರೈಲಿನಲ್ಲಿ ಕಾಡು ನೋಡುತ್ತ ಘಟ್ಟ ಇಳಿಯುವ ಚಪಲವುಳ್ಳವರು ‘ಇಡೀ ಹಗಲು ಬೇಕು’ ಎನ್ನುತ್ತಾರೆ. ವಿಮಾನದಲ್ಲಿ ಹೋಗಿಬರುವವರು ಮಾತ್ರ ಕೊಂಚ ಬೀಗಿ, ‘ಅದೇನು ಮಹಾ, ಒಂದು ಗಂಟೆ’ ಎಂದುಬಿಡುತ್ತಾರೆ. ಈ ಮೂರು ಉತ್ತರಗಳಲ್ಲಿ ಮೂರನೆಯದಕ್ಕೆ ಅಚ್ಚಿನ ಬಲವಿದೆ, ವೇಳಾಪಟ್ಟಿಯ ಸಾಕ್ಷ್ಯವಿದೆ. ಆದರೂ ಮೂರರಲ್ಲಿ ಅತ್ಯಂತ ಕಡಿಮೆ ನಿಜವಾದದ್ದು ಅದೇ ಎಂದು ನನ್ನ ಅಭಿಪ್ರಾಯ. ಆ ಅಲ್ಪಸತ್ಯವನ್ನು ನಾವು ಪೂರ್ಣಸತ್ಯವೆಂದು ನಂಬಿದ್ದರಿಂದ ಘಟ್ಟದ ಕೆಳಗಿನ ಜನಕ್ಕೆ ನಷ್ಟವೂ ಆಗಿದೆಯೆಂದು ನಾನು ಬಗೆಯುತ್ತೇನೆ.

ದೂರವನ್ನು ಹೊತ್ತಿನಿಂದ ಅಳೆಯುವುದು ವಿಮಾನಗಳ ಕಾಲದಲ್ಲಿ ಹುಟ್ಟಿದ ಚಾಳಿಯೇನಲ್ಲ. ನಮ್ಮ ಹಿರಿಯರು ‘ಒಂದು ಹಗಲಿನ ದಾರಿ’ ಎನ್ನುತ್ತಿದ್ದರು. ಹತ್ತಿರದ ಊರಾದರೆ ‘ಕೂಗಳತೆ’ ಎನ್ನುತ್ತಿದ್ದರು: ಇಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳಿಸಬೇಕು, ಅಷ್ಟೇ ದೂರ. ಹರದಾರಿ ಎಂದರೆ ಸುಮಾರು ಮೂರು ಮೈಲಿ. ಗಾವುದ ಅದಕ್ಕಿಂತ ದೊಡ್ಡದು, ಒಂದೊಂದು ಸೀಮೆಯಲ್ಲಿ ಒಂದೊಂದು ಲೆಕ್ಕ. ಈ ಅಳತೆಗಳಲ್ಲಿ ನಿಖರತೆ ಇರಲಿಲ್ಲ, ಒಪ್ಪತಕ್ಕ ಮಾತೇ. ಆದರೆ ಅವುಗಳಲ್ಲಿ ಒಂದು ಪ್ರಾಮಾಣಿಕತೆ ಇತ್ತು. ‘ಒಂದು ಹಗಲಿನ ದಾರಿ’ ಎಂದವನು ತನ್ನ ಮನೆಯ ಹೊಸ್ತಿಲಿನಿಂದ ನೆಂಟರ ಮನೆಯ ಹೊಸ್ತಿಲಿನವರೆಗೆ ಲೆಕ್ಕ ಹಾಕುತ್ತಿದ್ದ. ನಡುವೆ ಹೊಳೆ ದಾಟಲು ದೋಣಿಗಾಗಿ ಕಾದ ಹೊತ್ತು ಅದರಲ್ಲಿ ಸೇರಿತ್ತು. ಬುತ್ತಿ ಬಿಚ್ಚಿ ಉಂಡ ಹೊತ್ತು ಸೇರಿತ್ತು. ಏರು ಹತ್ತಿದ ಮೇಲೆ ಮರದಡಿಯಲ್ಲಿ ಕುಳಿತ ದಣಿವೂ ಸೇರಿತ್ತು. ವೇಳಾಪಟ್ಟಿಯ ಒಂದು ಗಂಟೆಯಲ್ಲಿ ಏನೇನು ಸೇರಿದೆ, ಏನೇನು ಬಿಟ್ಟುಹೋಗಿದೆ ಎಂಬುದನ್ನು ನೋಡಬೇಕು.

ಮೊದಲು ದೂರದ ಮಾತು. ಭೂಮಿ ಗುಂಡಗಿರುವುದರಿಂದ ಅದರ ಮೇಲಿನ ಎರಡು ಊರುಗಳ ನಡುವಣ ಅತಿ ಕಿರಿದಾದ ದಾರಿ ಭೂಪಟದ ಮೇಲೆ ಎಳೆದ ಸರಳರೇಖೆಯಲ್ಲ. ಶಾಲೆಯ ಭೂಗೋಳದ ಗೋಲವನ್ನು ತೆಗೆದುಕೊಂಡು ಎರಡು ಊರುಗಳಿಗೆ ನೂಲು ಬಿಗಿದರೆ ಅದು ಯಾವ ದಾರಿಯಲ್ಲಿ ಬಿಗಿಯಾಗುತ್ತದೆಯೋ ಅದೇ ಹತ್ತಿರದ ದಾರಿ. ಗಣಿತಜ್ಞರು ಅದನ್ನು ಮಹಾವೃತ್ತದ ಕಂಸ ಎನ್ನುತ್ತಾರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂದಾಗ, ಅಟ್ಲಾಂಟಿಕ್ ಸಾಗರವೋ ಪೆಸಿಫಿಕ್ ಸಾಗರವೋ ಎಂದು ಊಹಿಸುತ್ತಿದ್ದವರು ಬೆರಗಾಗುವಂತೆ ಅದು ಉತ್ತರಧ್ರುವದ ಮೇಲಿನಿಂದ ಹಾರಿಬಂತು. ಸುಮಾರು 14,000 ಕಿಲೋಮೀಟರಿನ, ಹದಿನೇಳು ಗಂಟೆಯ ಆಸುಪಾಸಿನ ಆ ಹಾರಾಟವನ್ನು ನಡೆಸಿದವರೆಲ್ಲ ಮಹಿಳೆಯರು. ಭೂಪಟವನ್ನು ಗೋಡೆಗೆ ತೂಗುಹಾಕಿ ಪಾಠ ಹೇಳುವ ಮೇಷ್ಟರುಗಳು ಈ ಒಂದು ನಿದರ್ಶನವನ್ನು ತರಗತಿಯಲ್ಲಿ ಹೇಳಿದರೆ, ಭೂಪಟ ಹೇಗೆ ಕಣ್ಣಿಗೆ ಮೋಸ ಮಾಡುತ್ತದೆಂಬುದು ಹುಡುಗರಿಗೆ ಒಂದೇ ದಿನದಲ್ಲಿ ಮನಸ್ಸಿಗೆ ಹತ್ತುತ್ತದೆ.

ಬೆಂಗಳೂರು–ಮಂಗಳೂರುಗಳ ಮಟ್ಟಿಗೆ ಇಂಥ ತೊಡಕು ಇಲ್ಲ. ಎರಡೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿ, ಹದಿಮೂರು ಡಿಗ್ರಿಯ ಹತ್ತಿರದಲ್ಲಿ, ಪೂರ್ವ ಪಶ್ಚಿಮವಾಗಿ ಕುಳಿತಿವೆ. ನೂಲು ಹಿಡಿದರೆ ಸುಮಾರು 300 ಕಿಲೋಮೀಟರು. ಹಾಸನ, ಸಕಲೇಶಪುರ, ಶಿರಾಡಿಯ ಮೇಲಿನ ರಸ್ತೆ ಸುಮಾರು 350. ಅಂದರೆ ಆಕಾಶಕ್ಕೆ ಹಾರಿ ನಾವು ಉಳಿಸುವುದು ಐವತ್ತೇ ಕಿಲೋಮೀಟರು! ಬೆಟ್ಟ ಕಾಡು ಕಣಿವೆಗಳ ನಡುವೆ ನುಸುಳಿಹೋಗುವ ರಸ್ತೆಯೊಂದು ಆಕಾಶದ ದಾರಿಗೆ ಇಷ್ಟು ಸಮೀಪದಲ್ಲಿದೆ ಎಂಬುದು, ಆ ದಾರಿಯನ್ನು ಮೊದಲು ಹುಡುಕಿ ತುಳಿದವರ ಜಾಣ್ಮೆಗೆ ಸಲ್ಲಬೇಕಾದ ಮೆಚ್ಚುಗೆ. ವಿಮಾನದ ಹೆಚ್ಚುಗಾರಿಕೆ ದೂರದಲ್ಲಿಲ್ಲ, ವೇಗದಲ್ಲಿದೆ.

ಆ ವೇಗವನ್ನಾದರೂ ತುಸು ನೋಡೋಣ. ಈಗಿನ ಜೆಟ್ ವಿಮಾನ ತನ್ನ ಎತ್ತರ ಮುಟ್ಟಿದ ಮೇಲೆ ಗಂಟೆಗೆ ಸುಮಾರು 830 ಕಿಲೋಮೀಟರು ಓಡುತ್ತದೆ. ಆ ಲೆಕ್ಕದಲ್ಲಿ 300 ಕಿಲೋಮೀಟರಿಗೆ ಇಪ್ಪತ್ತೆರಡು ನಿಮಿಷ ಸಾಕು. ಆದರೆ ಇಷ್ಟು ಕಿರಿದಾದ ಹಾದಿಯಲ್ಲಿ ವಿಮಾನಕ್ಕೆ ಓಡಲು ಬಿಡುವೇ ಇಲ್ಲ. ಏರಿ ಮುಗಿಯುವಷ್ಟರಲ್ಲಿ ಇಳಿಯುವ ಯೋಚನೆ ಮಾಡಬೇಕು. ಹೀಗಾಗಿ ಜೆಟ್ಟಿಗೂ, ಗಂಟೆಗೆ 500 ಕಿಲೋಮೀಟರು ಹೋಗುವ ಪಂಖದ ವಿಮಾನಕ್ಕೂ ಈ ದಾರಿಯಲ್ಲಿ ಹೇಳಿಕೊಳ್ಳುವಂಥ ಅಂತರ ಬೀಳುವುದಿಲ್ಲ. ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ ಮುಕ್ಕಾಲು ಗಂಟೆಯ ಸುತ್ತುಮುತ್ತು ಹಿಡಿಯುತ್ತದೆ. ಉಳಿದ ನಿಮಿಷಗಳು ನಿಂತ ಜಾಗದಿಂದ ಓಡುದಾರಿಯವರೆಗೆ ತೆವಳುವುದಕ್ಕೆ, ಸರದಿಗಾಗಿ ಕಾಯುವುದಕ್ಕೆ, ಇಳಿದ ಮೇಲೆ ಮತ್ತೆ ತೆವಳುವುದಕ್ಕೆ. ವೇಳಾಪಟ್ಟಿಯ ಗಂಟೆ ಎಂದರೆ ಇದು: ಚಕ್ರದ ಅಡ್ಡಗಟ್ಟೆ ತೆಗೆದಲ್ಲಿಂದ ಚಕ್ರಕ್ಕೆ ಅಡ್ಡಗಟ್ಟೆ ಇಡುವವರೆಗೆ. ವಿಮಾನಕ್ಕೆ ಅದು ಸರಿಯಾದ ಲೆಕ್ಕವೇ. ವಿಮಾನ ಮನೆಯಿಂದ ಹೊರಡುವುದಿಲ್ಲ, ಮನೆಗೆ ಹೋಗುವುದೂ ಇಲ್ಲ.

ಮನುಷ್ಯ ಹೊರಡುತ್ತಾನೆ. ಜಯನಗರದಲ್ಲೋ ರಾಜರಾಜೇಶ್ವರಿ ನಗರದಲ್ಲೋ ಇರುವವನು ದೇವನಹಳ್ಳಿಯ ನಿಲ್ದಾಣ ಮುಟ್ಟಲು, ಸಂಜೆಯ ವಾಹನಸಂದಣಿಯಲ್ಲಿ ಎರಡು ಗಂಟೆ ಮೊದಲೇ ಮನೆ ಬಿಡಬೇಕು. ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಸಾಮಾನು ಒಪ್ಪಿಸುವ ಕಿಟಕಿ ಮುಚ್ಚುತ್ತದೆ. ಆದ್ದರಿಂದ ಬುದ್ಧಿವಂತನು ಅದಕ್ಕೂ ಒಂದು ಗಂಟೆ ಮೊದಲು ಅಲ್ಲಿರುತ್ತಾನೆ. ಬೆಲ್ಟು ಬಿಚ್ಚಿ, ಕಿಸೆ ಖಾಲಿ ಮಾಡಿ, ಕೈಯೆತ್ತಿ ನಿಂತು ತಪಾಸಣೆ ಮುಗಿಸಿ, ಮತ್ತೆ ಮನುಷ್ಯನಾಗಿ ಕುಳಿತುಕೊಳ್ಳುತ್ತಾನೆ. ಆಚೆ ಬಜಪೆಯಲ್ಲಿ ಇಳಿದ ಮೇಲೆ ಪೆಟ್ಟಿಗೆಗಾಗಿ ಕಾದು, ಗುಡ್ಡ ಇಳಿದು ಮಂಗಳೂರು ಪೇಟೆ ಸೇರಲು ಒಂದು ಗಂಟೆ ಎನ್ನಿ. ಕೂಡಿಸಿದರೆ ಆರು ಗಂಟೆಯಾಯಿತು. ಬಸ್ಸು ಏಳರಿಂದ ಒಂಬತ್ತು ಗಂಟೆಗಳಲ್ಲಿ ತಲುಪಿಸುತ್ತದೆ. ಆಕಾಶಕ್ಕೆ ಕೊಟ್ಟ ಹಣಕ್ಕೆ ನಮಗೆ ದೊರೆತ ಲಾಭ ಇಷ್ಟು.

2008ರ ಮೇ 24ರಂದು ಬೆಂಗಳೂರಿನ ಪ್ರಯಾಣಿಕರ ವಿಮಾನಗಳು ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದುವು. ಹಳೆಯದು ಊರಿನ ಮಗ್ಗುಲಲ್ಲಿತ್ತು. ಹೊಸದು ಊರ ನಡುವಿನಿಂದ ಮೂವತ್ತೈದು ಕಿಲೋಮೀಟರು ಆಚೆ. ಬೆಳೆಯುವ ನಗರಕ್ಕೆ ದೊಡ್ಡ ನಿಲ್ದಾಣ ಬೇಕಾಗಿತ್ತೆಂಬುದರಲ್ಲಿ ವಿವಾದವಿಲ್ಲ. ನಾನು ಗಮನಿಸುವುದು ಬೇರೆ ಸಂಗತಿಯನ್ನು. ಆ ಒಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ದಕ್ಷಿಣ ಭಾಗದವರಿಗೆ ಮಂಗಳೂರು ಒಂದು ಗಂಟೆಯಷ್ಟು ಹಿಂದಕ್ಕೆ ಸರಿಯಿತು. ಮಂಗಳೂರು ಮಾತ್ರವೇನು, ದೆಹಲಿ, ಮುಂಬಯಿ, ಲಂಡನ್ನು ಎಲ್ಲವೂ ಸರಿದುವು. ಆದರೆ ವೇಳಾಪಟ್ಟಿಯಲ್ಲಿ ಈ ಸರಿದಾಟ ಎಲ್ಲಿಯೂ ಕಾಣಲಿಲ್ಲ. ಪಟ್ಟಿಯ ಪ್ರಕಾರ ಮಂಗಳೂರು ಹಿಂದಿನಂತೆಯೇ ಒಂದು ಗಂಟೆಯ ಊರು.

ದೆಹಲಿಗೆ ಹೋಗುವವನಿಗೆ ಈ ನಾಲ್ಕೈದು ಗಂಟೆಗಳ ಸುಂಕ ಭಾರವೆನಿಸದು. ಅಲ್ಲಿಗೆ ನೇರ ಅಂತರ ಸುಮಾರು 1,700 ಕಿಲೋಮೀಟರು. ಎರಡೂವರೆ ಮೂರು ಗಂಟೆಯ ಹಾರಾಟ ಎರಡು ರಾತ್ರಿಯ ರೈಲನ್ನು ತಪ್ಪಿಸುತ್ತದೆ. ದಾರಿ ಕಿರಿದಾದಷ್ಟೂ ಸುಂಕ ಹೆಚ್ಚು. ಮುನ್ನೂರು ಕಿಲೋಮೀಟರಿನ ದಾರಿಯಲ್ಲಿ ಹಾರುವ ಹೊತ್ತಿಗಿಂತ ಹಾರಲು ಸಿದ್ಧವಾಗುವ ಹೊತ್ತೇ ಹಲವು ಪಾಲು. ಇನ್ನು ಮಂಗಳೂರಿನ ಪೇಟೆಗಲ್ಲದೆ ಪುತ್ತೂರು, ಸುಳ್ಯ, ಬೆಳ್ತಂಗಡಿಯ ಕಡೆಗೆ ಹೋಗುವವನ ಪಾಡು ವಿನೋದಕರವಾದದ್ದು. ಅವನ ಊರಿನ ಮೇಲೆಯೇ ಹಾರಿ, ಕಡಲ ತಡಿಗೆ ಹೋಗಿ ಇಳಿದು, ಸುಮಾರು ಐವತ್ತರಿಂದ ಎಂಬತ್ತು ಕಿಲೋಮೀಟರು ಮತ್ತೆ ಪೂರ್ವಕ್ಕೆ ತಿರುಗಿ ಬರಬೇಕು. ನನ್ನ ಸೋದರತ್ತೆ ಪುತ್ತೂರಿನಿಂದಾಚೆಯ ಒಂದು ಅಡಕೆ ತೋಟದಲ್ಲಿದ್ದರು. ಅವರ ಮಗ ಒಮ್ಮೆ ಬೆಂಗಳೂರಿನಿಂದ ದೂರವಾಣಿಯಲ್ಲಿ, ‘ಅಮ್ಮಾ, ಈಗ ಹೊರಟೆ, ಒಂದೇ ಗಂಟೆಯ ವಿಮಾನ’ ಎಂದು ತಿಳಿಸಿದ. ಅತ್ತೆ ಎಲೆ ಹಾಕಿ ಕಾದರು. ಅವನು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ‘ಒಂದು ಗಂಟೆ ಅಂತ ಹೇಳಿದ್ದೆಯಲ್ಲ ಮಗಾ, ಅನ್ನ ತಣ್ಣಗಾಯಿತು’ ಎಂದಷ್ಟೇ ಅವರು ಹೇಳಿದ್ದು. ವೇಳಾಪಟ್ಟಿಯ ಬಗೆಗೆ ಇದಕ್ಕಿಂತ ಸೊಗಸಾದ ವಿಮರ್ಶೆಯನ್ನು ನಾನು ಓದಿಲ್ಲ.

ಇದು ನಗೆಯ ಮಾತಾಗಿಯೇ ಉಳಿಯುತ್ತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಈ ದಾರಿಯ ಚರಿತ್ರೆಯನ್ನು ಕೊಂಚ ನೆನೆಯಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆದರೆ ಅದು ಬಂದದ್ದು ದಕ್ಷಿಣದಿಂದ, ಶೋರನೂರಿನ ಮೂಲಕ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದಲ್ಲಿತ್ತು. ವಿಶ್ವವಿದ್ಯಾಲಯ ಮದರಾಸಿನದು, ಹೈಕೋರ್ಟು ಮದರಾಸಿನದು, ಆದ್ದರಿಂದ ಹಳಿಯೂ ಮದರಾಸಿನ ಕಡೆಗೆ. ಬಜಪೆಯ ವಿಮಾನ ನಿಲ್ದಾಣ 1951ರ ಡಿಸೆಂಬರಿನಲ್ಲಿ ತೆರೆಯಿತು. ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದು ಅಲ್ಲಿ ಇಳಿದರು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು, ಮಂಗಳೂರಿನ ರಾಜಧಾನಿ ಬೆಂಗಳೂರಾಯಿತು. ಆದರೆ ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುವ ರೈಲು ದಾರಿ ಪೂರ್ತಿಯಾದದ್ದು 1979ರಲ್ಲಿ. ಒಂದೇ ರಾಜ್ಯದ ರಾಜಧಾನಿಗೂ ಅದರ ಮುಖ್ಯ ಬಂದರಿಗೂ ನಡುವೆ ಹಳಿ ಬೀಳಲು, ರಾಜ್ಯ ಒಂದಾದ ಮೇಲೆ ಇಪ್ಪತ್ತಮೂರು ವರ್ಷ ಹಿಡಿಯಿತು. ವಿಮಾನ ಇಳಿಯುವ ಬಯಲು ರೈಲಿಗಿಂತ ಇಪ್ಪತ್ತೆಂಟು ವರ್ಷ ಮೊದಲೇ ಬಂದಿತ್ತು. ಇದು ಅಭಿಮಾನ ಪಡುವ ಸಂಗತಿಯೋ ನಾಚುವ ಸಂಗತಿಯೋ ನನಗೆ ಗೊತ್ತಾಗುವುದಿಲ್ಲ.

ಕೆಲಸ ಕಠಿನವಾಗಿತ್ತು, ನಿಜ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಐವತ್ತೈದು ಕಿಲೋಮೀಟರಿನಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಏರಿಳಿತ. ಅಷ್ಟು ಕಷ್ಟಪಟ್ಟು ಕಟ್ಟಿದ ಹಾದಿಯನ್ನು 1996ರಲ್ಲಿ ಅಗಲ ಹಳಿಗೆ ಮಾರ್ಪಡಿಸಲೆಂದು ಮುಚ್ಚಿದರು. ಸರಕು ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಜನರ ಗಾಡಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಒಂದನೆಯ ತರಗತಿಗೆ ಸೇರಿದ ಹುಡುಗ ಕಾಲೇಜಿನ ಬಾಗಿಲು ಮುಟ್ಟುವವರೆಗೂ ಈ ಹಾದಿಯಲ್ಲಿ ರೈಲಿನ ಕೂಗು ಕೇಳಿರಲಿಲ್ಲ. ಇಷ್ಟು ದೀರ್ಘವಾದ ಮೌನವನ್ನು ರಾಜಧಾನಿ ಹೇಗೆ ಸಹಿಸಿತು ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ದೊರೆಯುವ ಉತ್ತರ ಒಂದೇ: ನಿರ್ಧಾರ ಮಾಡುವವರಿಗೆ ಮಂಗಳೂರು ಆಗಲೂ ಒಂದು ಗಂಟೆಯ ದೂರದಲ್ಲಿತ್ತು. ಮಂತ್ರಿಗಳು, ದೊಡ್ಡ ಅಧಿಕಾರಿಗಳು, ದೊಡ್ಡ ವ್ಯಾಪಾರಿಗಳು ಬೆಳಗ್ಗೆ ಹಾರಿ ಸಂಜೆ ಮರಳುತ್ತಿದ್ದರು. ಅವರಿಗೆ ನಿಲ್ದಾಣದ ಸುಂಕವೂ ಹಗುರ. ಅವರ ವಾಹನಕ್ಕೆ ಸಂದಣಿ ದಾರಿ ಬಿಡುತ್ತದೆ, ಇಳಿದಲ್ಲಿ ಇನ್ನೊಂದು ವಾಹನ ಕಾದಿರುತ್ತದೆ. ಯಾರ ಕೈಯಲ್ಲಿ ದೂರವನ್ನು ಕಡಿಮೆ ಮಾಡುವ ಅಧಿಕಾರವಿದೆಯೋ ಅವರಿಗೆ ಆ ದೂರ ತಟ್ಟುವುದೇ ಇಲ್ಲ.

ದೂರ ತಟ್ಟುವುದು ಬೇರೆಯವರಿಗೆ. ಹಾಸನದಿಂದ ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಸಾಗಿಸುವವರಿಗೆ. ಬೆಂಗಳೂರಿನಲ್ಲಿ ಬಾಡಿಗೆಯ ಕೋಣೆಯಲ್ಲಿದ್ದುಕೊಂಡು ಓದುವ ಕರಾವಳಿಯ ವಿದ್ಯಾರ್ಥಿಗೆ. ಸಂದರ್ಶನದ ಪತ್ರ ಹಿಡಿದು ಶಿರಾಡಿ ಹತ್ತುವ ಪದವೀಧರನಿಗೆ. ಮಳೆಗಾಲದಲ್ಲಿ ಇವರ ಲೆಕ್ಕ ಯಾವ ಪಟ್ಟಿಗೂ ಸಿಕ್ಕುವುದಿಲ್ಲ. 2018ರ ಆಗಸ್ಟಿನಲ್ಲಿ ಘಟ್ಟ ಕುಸಿದಾಗ ಶಿರಾಡಿಯ ರಸ್ತೆ ಮುಚ್ಚಿತು, ಹಳಿಯ ಮೇಲೆ ಮಣ್ಣು ಬಂಡೆಗಳು ಬಿದ್ದು ರೈಲು ವಾರಗಟ್ಟಲೆ ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿಯ ಬಳಿ ಹಳಿಯ ಕೆಳಗಿನ ಮಣ್ಣೇ ಜಾರಿ ಮತ್ತೆ ಗಾಡಿಗಳು ನಿಂತುವು. ಅಂಥ ದಿನಗಳಲ್ಲಿ ವಿಮಾನವೊಂದೇ ಗತಿಯಾದಾಗ ಟಿಕೇಟಿನ ಬೆಲೆ ಏರುತ್ತದೆ. ಬೇಡಿಕೆ ಹೆಚ್ಚಿದಂತೆ ಬೆಲೆ ಹೆಚ್ಚುವುದು ಆ ವ್ಯಾಪಾರದ ನಿಯಮ. ಹಣವಿದ್ದವನಿಗೂ ನೆಮ್ಮದಿಯಿಲ್ಲ. ಬಜಪೆಯ ಓಡುದಾರಿ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು, ಮೇಜಿನ ಹಾಗೆ ಸುತ್ತಲೂ ಇಳಿಜಾರು. ಮೋಡ ಕವಿದು ಕಣ್ಣಿಗೆ ಏನೂ ಕಾಣದಿದ್ದರೆ ವಿಮಾನ ಇಳಿಯದೆ ಬೇರೆ ಊರಿಗೆ ತಿರುಗುತ್ತದೆ. ಕೆಲವೊಮ್ಮೆ ಬೆಂಗಳೂರಿಗೇ ವಾಪಸು.

ಇನ್ನೊಂದು ವಿಚಿತ್ರವಿದೆ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾಯಿತು. ನೇರ ಅಂತರ ಸುಮಾರು 2,450 ಕಿಲೋಮೀಟರು, ಹಾರಾಟ ನಾಲ್ಕು ಗಂಟೆಯ ಒಳಗೆ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಇಲ್ಲಿ ಎಂಟಕ್ಕೆ ಹೊರಟವನು ಅಲ್ಲಿಯ ಹತ್ತೂವರೆಯ ಒಳಗೇ ಇಳಿದಿರುತ್ತಾನೆ. ರೈಲಿನಲ್ಲಿ ಬೆಂಗಳೂರಿಗೆ ಹೊರಟವನು ಅಷ್ಟು ಹೊತ್ತಿಗೆ ಇನ್ನೂ ಘಟ್ಟವನ್ನೇ ಏರಿ ಮುಗಿಸಿರುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಕೊಲ್ಲಿಯ ಊರುಗಳ ಹೆಸರು ನೆರೆಮನೆಯ ಹೆಸರಿನಂತೆ ಬಾಯಿಗೆ ಬರುತ್ತದೆ. ಹಾಸನ, ತುಮಕೂರುಗಳು ದೂರದ ಸೀಮೆಗಳಂತೆ ಕೇಳಿಸುತ್ತವೆ. ಇದಕ್ಕೆ ಅವರನ್ನು ದೂರುವಂತಿಲ್ಲ. ಜನರು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಭೂಪಟವನ್ನು ಬರೆಯುವುದು ಭೂಮಾಪನದವರಲ್ಲ; ಕೈಗೆಟಕುವ ಟಿಕೇಟು ಬರೆಯುತ್ತದೆ. ನಾಡು ಒಂದಾಯಿತೆಂದು ನಾವು ಪ್ರತಿ ನವೆಂಬರಿನಲ್ಲಿ ಸಂಭ್ರಮಿಸುವುದು ಉಚಿತವೇ. ಅದರೊಂದಿಗೆ, ಘಟ್ಟದ ಮೇಲಿನವನೂ ಕೆಳಗಿನವನೂ ಒಬ್ಬರನ್ನೊಬ್ಬರು ನೋಡಲು ಎಷ್ಟು ಗಂಟೆ ಎಷ್ಟು ರೂಪಾಯಿ ತೆರಬೇಕು ಎಂಬ ಲೆಕ್ಕವನ್ನೂ ಇಟ್ಟರೆ ಚೆನ್ನಾಗಿತ್ತು.

ಇಷ್ಟನ್ನು ಓದಿ ನಾನು ವಿಮಾನದ ವೈರಿ ಎಂದು ಯಾರೂ ಭಾವಿಸಬಾರದು. ಈ ದಾರಿಯಲ್ಲಿ ಹಗಲಿನಲ್ಲಿ, ಜೂನ್ ತಿಂಗಳಿನ ಮೊದಲ ಮಳೆ ಬಿದ್ದ ಮೇಲೆ, ಕಿಟಕಿಯ ಬಳಿ ಕುಳಿತು ಹೋದವರಿಗೆ ದೊರೆಯುವ ನೋಟ ಬೇರೆ ಯಾವ ವಾಹನದಲ್ಲಿಯೂ ದೊರೆಯದು. ಮೊದಲು ಕೆಂಪು ನೆಲ, ಅದರ ನಡುವೆ ಒಡೆದ ಕನ್ನಡಿಯ ಚೂರುಗಳಂತೆ ಕೆರೆಗಳು. ಹಾಸನ ಕಳೆಯುತ್ತಲೇ ನೆಲ ಹಸುರಾಗುತ್ತ ಬಂದು, ಕಾಫಿ ತೋಟಗಳ ಮೇಲೆ ಮರಗಳ ನೆತ್ತಿ ದಟ್ಟವಾಗುತ್ತದೆ. ಆಮೇಲೆ ಒಮ್ಮೆಗೇ ನೆಲ ಕುಸಿದುಹೋಗುತ್ತದೆ. ಕಡಲಿನಿಂದ ಬಂದ ಮೋಡಗಳು ಆ ಗೋಡೆಗೆ ಒರಗಿ ನಿಂತಿರುತ್ತವೆ, ಮುಂದೆ ಹೋಗಲು ಅಪ್ಪಣೆ ಕಾಯುತ್ತಿರುವವರ ಹಾಗೆ. ಪಶ್ಚಿಮದಲ್ಲಿ ಮಳೆ ಏಕೆ ಹೆಚ್ಚು, ಪೂರ್ವದಲ್ಲಿ ಏಕೆ ಕಡಿಮೆ ಎಂದು ಪುಸ್ತಕದಲ್ಲಿ ಎರಡು ಪುಟ ಬರೆದದ್ದನ್ನು ಹತ್ತು ನಿಮಿಷದಲ್ಲಿ ಕಣ್ಣು ಓದಿಬಿಡುತ್ತದೆ. ಆದರೆ ಅಕ್ಕಪಕ್ಕದವರು ಕಿಟಕಿಯ ಪರದೆ ಎಳೆದು ಕೈಯಲ್ಲಿರುವ ದೂರವಾಣಿಯ ಪರದೆ ನೋಡುತ್ತಾರೆ, ಏನು ಮಾಡೋಣ!

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಎರಡು ಊರುಗಳ ದೂರವನ್ನು ಸಾರ್ವಜನಿಕವಾಗಿ ಹೇಳುವಾಗ, ಹೆದ್ದಾರಿಗೋ ಹಳಿಗೋ ಹಣ ಕೊಡಬೇಕೆ ಬೇಡವೆ ಎಂದು ಯೋಚಿಸುವಾಗ, ಹೊಸ್ತಿಲಿನಿಂದ ಹೊಸ್ತಿಲಿಗೆ ಲೆಕ್ಕ ಹಾಕಲಿ. ಅದೂ ಅತಿ ಬೇಗ ಹೋಗುವವನ ಲೆಕ್ಕ ಬೇಡ. ಜುಲೈ ತಿಂಗಳಲ್ಲಿ, ಸಾಮಾನ್ಯ ದರ್ಜೆಯ ಟಿಕೇಟಿನಲ್ಲಿ, ಸುಳ್ಯದ ಹಳ್ಳಿಯಿಂದ ಹೊರಟು ಬೆಂಗಳೂರಿನ ಯಶವಂತಪುರದಲ್ಲಿ ಇಳಿಯುವವನ ಲೆಕ್ಕ ಇರಲಿ. ಹಗಲಿನ ರೈಲು ಈಗಲೂ ಒಂಬತ್ತು ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಘಟ್ಟದ ಭಾಗದಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ತೆವಳಬೇಕಾದ ಅನಿವಾರ್ಯವನ್ನು ನಾನು ಬಲ್ಲೆ, ಬೆಟ್ಟವನ್ನು ಅವಸರಪಡಿಸಲಾಗದು. ಆದರೆ ಘಟ್ಟ ಐವತ್ತೈದು ಕಿಲೋಮೀಟರು ಮಾತ್ರ. ಉಳಿದ ಹಾದಿಯೆಲ್ಲ ಬಹುಮಟ್ಟಿಗೆ ಸಮನೆಲ. ಅಲ್ಲಿ ಕಳೆಯುವ ಗಂಟೆಗಳಿಗೆ ಬೆಟ್ಟ ಹೊಣೆಯಲ್ಲ.

ಮಳೆಗಾಲದ ರಾತ್ರಿಗಳಲ್ಲಿ ಈ ಘಟ್ಟದ ಹಳಿಯ ಮೇಲೆ ಕಾವಲುಗಾರರು ನಡೆಯುತ್ತಾರೆ. ಕೈಯಲ್ಲಿ ದೀಪ, ಮೈಮೇಲೆ ಮಳೆಯಂಗಿ. ಬಂಡೆ ಉರುಳಿದೆಯೆ, ಮಣ್ಣು ಜಾರಿದೆಯೆ ಎಂದು ನೋಡುತ್ತ ತಮ್ಮ ಪಾಲಿನ ಹಾದಿಯನ್ನು ಮುಗಿಸಿ ಮತ್ತೆ ಹಿಂತಿರುಗುತ್ತಾರೆ. ಅವರು ಸರಿಯಿದೆ ಎಂದ ಮೇಲೆಯೇ ಗಾಡಿ ಮುಂದಕ್ಕೆ ಬರುತ್ತದೆ. ದೂರದ ಬಗೆಗೆ ಯಾರನ್ನಾದರೂ ಸಮಿತಿಗೆ ಕರೆದು ಕೇಳುವುದಿದ್ದರೆ ಮೊದಲು ಅವರನ್ನು ಕರೆಯಬೇಕು. ಬೆಂಗಳೂರಿಗೂ ಮಂಗಳೂರಿಗೂ ನಡುವೆ ಎಷ್ಟು ಹೆಜ್ಜೆ ಎಂಬುದರಲ್ಲಿ ಸ್ವಲ್ಪ ಪಾಲನ್ನಾದರೂ ಎಣಿಸಿ ಬಲ್ಲವರು ಅವರು.